ಅಡ್ಡ ಕೊರೆದ ಗ್ಯಾಸ್ ಬಾವಿಯಲ್ಲಿ ನೀರು ಕಟ್ಟಿಕೊಂಡಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಗ್ಯಾಸ್ ಬಾವಿ ಒಂದೇ ದಿನಕ್ಕೆ ಕೈಕೊಡುವುದಿಲ್ಲ. ವಾರಗಟ್ಟಲೆ ಮುಂಚೆಯೇ ಸೂಚನೆ ಕೊಡುತ್ತದೆ. ಮೀಟರಿನ ಗೆರೆ ನಡುಗಲು ಶುರುವಾಗುತ್ತದೆ. ನೀರಿನ ಟ್ಯಾಂಕ್ ತುಂಬುವ ಲಯ ತಪ್ಪುತ್ತದೆ. ವೆಲ್‌ಹೆಡ್ (ಬಾವಿಯ ಬಾಯಿ) ಪೈಪ್ ಮೊದಲಿನಷ್ಟು ಬೆಚ್ಚಗಿರುವುದಿಲ್ಲ. ಆಗಲೇ ಗಮನಿಸಿದರೆ ಚಿಕ್ಕದೊಂದು ಬದಲಾವಣೆಯಲ್ಲಿ ಬಾವಿ ಉಳಿಯುತ್ತದೆ. ಬಿಟ್ಟರೆ ರಿಗ್ ತರಿಸಬೇಕಾಗುತ್ತದೆ.

ಒಳಗೆ ನಡೆಯುವುದು ಇಷ್ಟು. ಗ್ಯಾಸ್ ಜೋರಾಗಿ ಮೇಲೇರುವಾಗ ನೀರನ್ನೂ ಕಂಡೆನ್ಸೇಟನ್ನೂ (ಗ್ಯಾಸಿನ ಜೊತೆ ಬರುವ ಹಗುರ ಎಣ್ಣೆ) ಜೊತೆಗೇ ಎಳೆದು ತರುತ್ತದೆ. ಬಾವಿ ಹಳೆಯದಾದಂತೆ ಗ್ಯಾಸ್ ಇರುವ ಕಲ್ಲಿನ ಪದರದ ಪ್ರೆಷರ್ ಇಳಿಯುತ್ತದೆ, ಗ್ಯಾಸಿನ ವೇಗವೂ ಇಳಿಯುತ್ತದೆ. ವೇಗ ಒಂದು ಮಟ್ಟಕ್ಕಿಂತ ಕೆಳಗೆ ಬಂದರೆ ನೀರು ವಾಪಸ್ ಜಾರುತ್ತದೆ. ಜಾರಿದ ನೀರು ಕೆಳಗೆ ನಿಂತು ಪದರದ ಮೇಲೆ ಭಾರ ಹಾಕುತ್ತದೆ. ಭಾರ ಹೆಚ್ಚಿದರೆ ಗ್ಯಾಸ್ ಇನ್ನೂ ಕಡಿಮೆ. ಗ್ಯಾಸ್ ಕಡಿಮೆಯಾದರೆ ನಿಲ್ಲುವ ನೀರು ಇನ್ನೂ ಜಾಸ್ತಿ. ಲಿಕ್ವಿಡ್ ಲೋಡಿಂಗ್ ಅನ್ನುವುದು ಇದಕ್ಕೇ.

ಅಡ್ಡ ಕೊರೆದ ಬಾವಿಗೆ ಮೂರು ಭಾಗ: ನೆಟ್ಟಗಿನ ಭಾಗ, ಬಾಗು, ಆಮೇಲೆ ಕಲ್ಲಿನ ಪದರದೊಳಗೆ ಉದ್ದಕ್ಕೆ ಮಲಗಿದ ಅಡ್ಡ ಭಾಗ. ಬಾಗು ಮುಗಿದು ಅಡ್ಡ ಭಾಗ ಶುರುವಾಗುವ ಜಾಗ ಹೀಲ್, ಕೊನೆಯ ತುದಿ ಟೋ. ಮೂರೂ ಕಡೆ ನೀರಿನ ನಡವಳಿಕೆ ಬೇರೆ ಬೇರೆ. ಇದನ್ನು ಮರೆತು ನೆಟ್ಟಗಿನ ಬಾವಿಯ ಲೆಕ್ಕವನ್ನೇ ಹಾಕಿದರೆ ಕಾಗದದ ಮೇಲೆ ಬಾವಿ ಆರೋಗ್ಯವಾಗಿ ಕಾಣುತ್ತದೆ, ಒಳಗೆ ನೀರು ತುಂಬುತ್ತಿರುತ್ತದೆ.

## ಕೈ ಹಾಕುವ ಮೊದಲು

ಗಾಳಿಯಲ್ಲಿ ಮೀಥೇನ್ ಶೇಕಡಾ 5ರಿಂದ 15ರಷ್ಟು ಬೆರೆತರೆ ಒಂದು ಕಿಡಿ ಸಾಕು. ಹೈಡ್ರೋಜನ್ ಸಲ್ಫೈಡ್ ಇರುವ ಬಾವಿಯಲ್ಲಂತೂ ಮೂಗನ್ನು ನಂಬಲೇಬೇಡಿ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ ನಿಜ. 100 ಪಿಪಿಎಂ ಆಸುಪಾಸಿಗೆ ಬರುವಷ್ಟರಲ್ಲಿ ಮೂಗು ಮರಗಟ್ಟುತ್ತದೆ. ವಾಸನೆ ನಿಂತಿದ್ದನ್ನು ಗ್ಯಾಸ್ ಹೋಯಿತು ಅಂದುಕೊಂಡವರು ಅಲ್ಲೇ ಬಿದ್ದಿದ್ದಾರೆ. ಮೈಮೇಲೆ ಡಿಟೆಕ್ಟರ್ ಇರಲಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಯಿಂದಲೇ ಹತ್ತಿರ ಹೋಗಿ. ಒಬ್ಬರೇ ಹೋಗಬೇಡಿ.

ಪ್ರೆಷರ್ ಇರುವ ಯಾವ ಫಿಟ್ಟಿಂಗನ್ನೂ ಬಿಗಿ ಮಾಡುವುದು, ಸಡಿಲ ಮಾಡುವುದು ಬೇಡ. ಗೇಜ್ ಸೊನ್ನೆ ತೋರಿಸಿದ ಮಾತ್ರಕ್ಕೆ ಒಳಗೆ ಪ್ರೆಷರ್ ಇಲ್ಲ ಅಂತಲ್ಲ. ಗೇಜಿನ ಕೆಳಗಿನ ಸಣ್ಣ ತೂತು ಕಟ್ಟಿಕೊಂಡಿರಬಹುದು.

## ಲಕ್ಷಣ: ಉತ್ಪಾದನೆ ಎಂದಿನ ಇಳಿಜಾರು ಬಿಟ್ಟು ಜಾಸ್ತಿ ಬಿದ್ದಿದೆ

ಎಲ್ಲ ಬಾವಿಯ ಉತ್ಪಾದನೆಯೂ ವಯಸ್ಸಿನ ಜೊತೆ ನಿಧಾನವಾಗಿ ಇಳಿಯುತ್ತದೆ. ಆ ಇಳಿಜಾರು ನಯವಾಗಿರುತ್ತದೆ. ಗೆರೆ ಇದ್ದಕ್ಕಿದ್ದಂತೆ ಕೆಳಗೆ ಮುರಿದರೆ ಅನುಮಾನ ಪಡಬೇಕು. ಹಾಗಂತ ತಕ್ಷಣ ನೀರಿನ ಮೇಲೆ ಗೂಬೆ ಕೂರಿಸಬೇಡಿ. ನೆಲದ ಮೇಲಿನ ತಪಾಸಣೆಗೆ ಖರ್ಚಿಲ್ಲ, ಅದು ಮೊದಲು ಮುಗಿಯಲಿ.

ಲೈನ್ ಪ್ರೆಷರ್, ಅಂದರೆ ಬಾವಿಯಿಂದ ಗ್ಯಾಸ್ ಕೊಂಡೊಯ್ಯುವ ಪೈಪಿನ ಪ್ರೆಷರ್ ನೋಡಿ. ಅದೇ ಲೈನಿಗೆ ಹೊಸ ಬಾವಿ ಸೇರಿದೆಯಾ? ಮುಂದಿನ ಕಂಪ್ರೆಸರ್ ನಿಂತಿದೆಯಾ? ಲೈನಿನ ತಗ್ಗಿನಲ್ಲೇ ನೀರು ನಿಂತಿದೆಯಾ? ಲೈನ್ ಪ್ರೆಷರ್ ಏರಿದರೆ ಬಾವಿ ಎಷ್ಟೇ ಚೆನ್ನಾಗಿದ್ದರೂ ಗ್ಯಾಸ್ ಕಡಿಮೆಯಾಗುತ್ತದೆ. ಆ ಏರಿಕೆ ಹಾಗೇ ಮುಂದುವರಿದರೆ ನಿಜವಾಗಿಯೂ ನೀರು ಕಟ್ಟಿಕೊಳ್ಳುತ್ತದೆ.

ಹರಿವನ್ನು ಹಿಡಿತದಲ್ಲಿಡುವ ಚೋಕ್ ನೋಡಿ. ಚೋಕಿನಿಂದಾಚೆ ಪೈಪಿನ ಮೇಲೆ ಹಿಮ ಕಟ್ಟಿದ್ದು, ಒಂದು ಕಡೆ ಪ್ರೆಷರ್ ಏರಿ ಇನ್ನೊಂದು ಕಡೆ ಬಿದ್ದಿದ್ದರೆ ಹೈಡ್ರೇಟ್ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಇದು ನೀರೂ ಗ್ಯಾಸೂ ಸೇರಿ ಆಗುವ ಮಂಜುಗಡ್ಡೆಯಂಥ ಗಟ್ಟಿ. ಎಚ್ಚರ: ಹೈಡ್ರೇಟ್ ಗಡ್ಡೆಯ ಒಂದೇ ಬದಿಯ ಪ್ರೆಷರ್ ಇಳಿಸಬಾರದು. ಗಡ್ಡೆ ಸಡಿಲವಾದ ಕ್ಷಣ ಗುಂಡಿನಂತೆ ಹಾರಿ ಪೈಪಿನ ಬಾಗನ್ನೇ ಒಡೆಯುತ್ತದೆ. ಎರಡೂ ಬದಿ ಸಮನಾಗಿ ಇಳಿಸಬೇಕು, ಮೆಥನಾಲ್ ಬಿಡಬೇಕು. ಅನುಭವ ಇಲ್ಲದಿದ್ದರೆ ಮುಟ್ಟಬೇಡಿ, ಗೊತ್ತಿದ್ದವರನ್ನು ಕರೆಸಿ.

ಇನ್ನು ಗ್ಯಾಸನ್ನೂ ನೀರನ್ನೂ ಬೇರೆ ಮಾಡುವ ಸೆಪರೇಟರಿನಿಂದ ನೀರು ಹೊರಬಿಡುವ ಡಂಪ್ ವಾಲ್ವ್. ಇದು ಪೂರ್ತಿ ಮುಚ್ಚದಿದ್ದರೆ ಗ್ಯಾಸ್ ಮೀಟರಿಗೆ ಹೋಗದೆ ನೀರಿನ ಟ್ಯಾಂಕಿಗೆ ಹೋಗುತ್ತದೆ. ಒಂದು ಬಾವಿಯಲ್ಲಿ ಮೂರು ದಿನ ನೀರು ಕಟ್ಟಿಕೊಂಡಿದೆ ಅಂತಲೇ ಒದ್ದಾಡಿದ್ದೆವು. ಕೊನೆಗೆ ಸಿಕ್ಕಿದ್ದು ವಾಲ್ವಿನ ಸೀಟಿನಲ್ಲಿ ಕೂತಿದ್ದ ಫ್ರ್ಯಾಕ್ (ಹೆಚ್ಚಿನ ಪ್ರೆಷರಿನ ನೀರಿನಿಂದ ಪದರವನ್ನು ಬಿರಿಸುವ ಕೆಲಸ) ಮರಳಿನ ಎರಡು ಕಾಳು. ಸೂಚನೆ ಮೊದಲ ದಿನದಿಂದಲೇ ಇತ್ತು. ನೀರು ಬೀಳದ ಹೊತ್ತಲ್ಲೂ ಟ್ಯಾಂಕಿನ ವೆಂಟಿನಲ್ಲಿ ಸುಯ್ ಅನ್ನುವ ಸದ್ದು ಬರುತ್ತಿತ್ತು. ಅಂದಿನಿಂದ ಯಾವ ಬಾವಿಗೆ ಹೋದರೂ ಮೊದಲು ದೂರ ನಿಂತು ಎರಡು ನಿಮಿಷ ಕಿವಿಗೊಡುತ್ತೇನೆ.

ಕೊನೆಗೆ ಮೀಟರ್. ಆರಿಫೈಸ್ ಪ್ಲೇಟಿನ (ಮೀಟರಿನ ತೂತಿರುವ ತಟ್ಟೆ) ಚೂಪು ಅಂಚು ಸವೆದರೂ, ಪ್ಲೇಟ್ ತಿರುಗಾಮುರುಗಾ ಕೂತರೂ ಮೀಟರ್ ಕಡಿಮೆ ತೋರಿಸುತ್ತದೆ. ಗ್ಯಾಸ್ ಬರುತ್ತಿರುತ್ತದೆ, ಲೆಕ್ಕಕ್ಕೆ ಸಿಗುತ್ತಿರುವುದಿಲ್ಲ.

ಇವೆಲ್ಲ ಸರಿ ಇದ್ದರೆ ಮಾತ್ರ ಬಾವಿಯೊಳಗೆ ನೋಡುವ ಸರದಿ.

## ಲಕ್ಷಣ: ಗ್ಯಾಸ್ ಬಿಕ್ಕಳಿಸಿದ ಹಾಗೆ ಬರುತ್ತಿದೆ

ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಮಾತಾಡುವ ಲಕ್ಷಣ ಇದೇ. ಮೀಟರಿನ ಗೆರೆ ಸಮನಾಗಿ ಓಡುವ ಬದಲು ಮುಳ್ಳುಮುಳ್ಳಾಗಿ ಏಳುತ್ತದೆ. ಫ್ಲೋಲೈನ್ ಪಕ್ಕ ನಿಂತರೆ ಮೊದಲು ಸದ್ದು ತಗ್ಗುತ್ತದೆ. ಆಮೇಲೆ ಗುಳುಗುಳು, ಪೈಪ್ ಸಣ್ಣಗೆ ಅದುರುತ್ತದೆ. ಸೆಪರೇಟರಿನ ಗಾಜಿನಲ್ಲಿ ನೀರು ಒಮ್ಮೆಲೇ ಏರುತ್ತದೆ. ಅದರ ಹಿಂದೆಯೇ ಗ್ಯಾಸ್ ಭರ್ರೆಂದು ಬರುತ್ತದೆ. ನೀರು ಹನಿಹನಿಯಾಗಿ ಬರದೆ ರಾಶಿರಾಶಿಯಾಗಿ ಬರುತ್ತಿದೆ ಅಂತ ಅರ್ಥ. ಇದಕ್ಕೆ ಸ್ಲಗ್ ಅನ್ನುತ್ತಾರೆ.

ಗಡಿಯಾರ ಹಿಡಿದು ಅರ್ಧ ದಿನ ಸ್ಲಗ್‌ಗಳ ನಡುವಿನ ಅಂತರ ಬರೆದುಕೊಳ್ಳಿ. ಇದಕ್ಕೆ ಪೆನ್ನು, ಕಾಗದ ಬಿಟ್ಟು ಇನ್ನೇನೂ ಬೇಡ.

ಅಂತರ ಹೆಚ್ಚುಕಡಿಮೆ ಒಂದೇ ಥರ ಇದ್ದು, ಪ್ರತಿ ಸಲ ಪ್ರೆಷರ್ ಏರಿ, ನೀರು ಬಂದು, ಗ್ಯಾಸ್ ಹಾರಿ, ಮತ್ತೆ ಶಾಂತವಾಗುತ್ತಿದ್ದರೆ ಅಡ್ಡ ಭಾಗದ ತಗ್ಗುಗಳ ಮೇಲೆ ಅನುಮಾನ ಪಡಿ. ಅಡ್ಡ ಭಾಗ ಹೆಸರಿಗಷ್ಟೇ ಅಡ್ಡ. ಕೊರೆಯುವಾಗ ಪದರವನ್ನು ಹಿಂಬಾಲಿಸಿ ಅದು ಏರಿಳಿದಿರುತ್ತದೆ. ತಗ್ಗಿನಲ್ಲಿ ನೀರು ನಿಂತು ಗ್ಯಾಸಿನ ದಾರಿ ಕಟ್ಟುತ್ತದೆ. ಹಿಂದೆ ಪ್ರೆಷರ್ ಸೇರಿ ಸಾಕಷ್ಟು ಆದಾಗ ನೀರನ್ನು ಒದ್ದು ಹೊರಗೆ ಹಾಕುತ್ತದೆ.

ಅಂತರ ದಿನದಿಂದ ದಿನಕ್ಕೆ ಉದ್ದವಾಗುತ್ತಿದ್ದರೆ, ಒಟ್ಟು ಗ್ಯಾಸೂ ಇಳಿಯುತ್ತಿದ್ದರೆ, ಅದು ಬಾಗಿನಲ್ಲೋ ಟ್ಯೂಬಿಂಗ್‌ನಲ್ಲೋ (ಗ್ಯಾಸ್ ಮೇಲೆ ಬರುವ ಒಳಗಿನ ಪೈಪ್) ನೀರು ನಿಲ್ಲುತ್ತಿರುವ ಸೂಚನೆ. ಇದು ಹೆಚ್ಚು ಅಪಾಯದ್ದು. ತಗ್ಗಿನ ಸ್ಲಗ್ ಜೊತೆ ಬಾವಿ ಬಹಳ ಕಾಲ ಬದುಕಬಲ್ಲದು, ಇದರ ಜೊತೆ ಹಾಗಾಗದು.

ಈ ಹಂತದಲ್ಲಿ ಬಾವಿ ಕೊರೆದ ದಿಕ್ಕಿನ ಸರ್ವೆ ಕಡತ ತೆಗೆಯಿರಿ. ಟೋ ಮೇಲಿದ್ದು ಹೀಲ್ ಕೆಳಗಿದ್ದರೆ ನೀರೆಲ್ಲ ಹೀಲಿನ ಕಡೆ ಹರಿದು ಬಂದು ಬಾಗಿನ ಬುಡದಲ್ಲಿ ಸೇರುತ್ತದೆ. ಅಲ್ಲಿಂದ ಎತ್ತಬಹುದು. ಟೋ ಕೆಳಗಿದ್ದರೆ ನೀರು ದೂರದ ತುದಿಯಲ್ಲಿ ನಿಂತು ಅಲ್ಲಿನ ಗ್ಯಾಸನ್ನೇ ಮುಚ್ಚಿಹಾಕುತ್ತದೆ. ಮೇಲಿನಿಂದ ಏನು ಮಾಡಿದರೂ ಆ ನೀರು ಕೈಗೆ ಸಿಗುವುದು ಕಷ್ಟ.

## ಲಕ್ಷಣ: ಕೇಸಿಂಗ್, ಟ್ಯೂಬಿಂಗ್ ಗೇಜುಗಳ ನಡುವೆ ಅಂತರ ಬೆಳೆಯುತ್ತಿದೆ

ಕೇಸಿಂಗ್ ಅಂದರೆ ಬಾವಿಯ ಗೋಡೆಯಾಗಿರುವ ಹೊರಗಿನ ಪೈಪ್. ಅದಕ್ಕೂ ಟ್ಯೂಬಿಂಗಿಗೂ ನಡುವಿನ ಜಾಗ ಮುಚ್ಚುವ ಪ್ಯಾಕರ್ ಇಲ್ಲದಿದ್ದರೆ ಎರಡು ಗೇಜುಗಳೇ ಅರ್ಧ ಕಥೆ ಹೇಳುತ್ತವೆ. ಟ್ಯೂಬಿಂಗ್ ಗೇಜ್ ಮೇಲಿನ ಪ್ರೆಷರ್ ತೋರಿಸುತ್ತದೆ. ಕೇಸಿಂಗ್ ಗೇಜ್ ಟ್ಯೂಬಿಂಗ್ ಬುಡದ ಪ್ರೆಷರಿನ ಅಂದಾಜು ಕೊಡುತ್ತದೆ. ಗ್ಯಾಸ್ ಹರಿವು ಅಷ್ಟೇ ಇದ್ದು ಅಂತರ ಮಾತ್ರ ಬೆಳೆಯುತ್ತಿದ್ದರೆ ಟ್ಯೂಬಿಂಗ್ ಒಳಗೆ ಭಾರ ಸೇರುತ್ತಿದೆ.

ನೂರು ಮೀಟರ್ ಎತ್ತರದ ನೀರು ಸುಮಾರು 9.8 ಬಾರ್ ಪ್ರೆಷರ್ ಹಾಕುತ್ತದೆ. ಪಿಎಸ್‌ಐ ಲೆಕ್ಕದಲ್ಲಿ 142. ಕೇಸಿಂಗ್ 38 ಬಾರ್, ಟ್ಯೂಬಿಂಗ್ 18 ಬಾರ್ ಅಂದುಕೊಳ್ಳಿ. ಅಂತರ 20. ಅದರಲ್ಲಿ ಘರ್ಷಣೆ, ಗ್ಯಾಸಿನ ಸ್ವಂತ ಭಾರ ಅಂತ 4 ಬಾರ್ ಬಿಟ್ಟರೆ 16 ಉಳಿಯಿತು. ಅಂದರೆ 160 ಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರದ ನೀರಿನ ಭಾರ ಒಳಗಿದೆ. ಅದು ಗುಳ್ಳೆಗಳ ಜೊತೆ ಬೆರೆತು ಇನ್ನೂ ಉದ್ದಕ್ಕೆ ಹರಡಿರುತ್ತದೆ, ಆದರೆ ಪದರ ಹೊರುವ ಭಾರ ಅಷ್ಟೇ.

ಇಲ್ಲಿ ಒಂದು ಮೋಸ ಇದೆ. ಬಾವಿ ಮುಚ್ಚಿಟ್ಟು ಅಂತರ ನೋಡಿದರೆ ಕಡಿಮೆ ಕಾಣಬಹುದು. ನೆಟ್ಟಗಿನ ಬಾವಿಯಲ್ಲಿ ಕೆಳಗೆ ನೀರಿಗೆ ಹೆಚ್ಚು ಜಾಗವಿಲ್ಲ. ಅಡ್ಡ ಬಾವಿಯಲ್ಲಿ ನೀರು ಬಾಗಿನಿಂದ ಜಾರಿ ಅಡ್ಡ ಭಾಗದಲ್ಲಿ ಮಲಗುತ್ತದೆ. ಗೇಜುಗಳು ಸಮ ಆಗುತ್ತವೆ, ನೀರು ಮಾತ್ರ ಎಲ್ಲೂ ಹೋಗಿರುವುದಿಲ್ಲ. ಹಾಗಾಗಿ ಹರಿಯುವಾಗಿನ ಅಂತರವನ್ನೇ ನಂಬಿ.

ಕೇಸಿಂಗ್ ಪ್ರೆಷರ್ ಏರುವ ಬದಲು ಬಿದ್ದು ಎರಡೂ ಗೇಜುಗಳು ಹರಿವಿನಲ್ಲೂ ಒಟ್ಟಿಗೇ ಕುಣಿಯುತ್ತಿದ್ದರೆ ಟ್ಯೂಬಿಂಗ್‌ನಲ್ಲಿ ತೂತು ಬಿದ್ದಿರಬಹುದು. ಆಗ ಮುಂದೆ ಹೇಳುವ ಸೋಪು, ಪ್ಲಂಜರ್ ಯಾವುದೂ ಕೆಲಸ ಮಾಡುವುದಿಲ್ಲ. ಮೊದಲು ತೂತು ಪತ್ತೆಯಾಗಬೇಕು.

## ಲಕ್ಷಣ: ನೀರು ಬರುವುದೇ ನಿಂತುಹೋಗಿದೆ

ಇದನ್ನು ಒಳ್ಳೆಯ ಸುದ್ದಿ ಅಂದುಕೊಳ್ಳುವವರು ಬಹಳ ಜನ. ಗ್ಯಾಸೂ ಜೊತೆಗೆ ಇಳಿದಿದ್ದರೆ ಇದು ಕೆಟ್ಟ ಸುದ್ದಿ. ಪದರ ನೀರು ಕೊಡುವುದನ್ನು ನಿಲ್ಲಿಸಿಲ್ಲ, ಗ್ಯಾಸಿಗೆ ಎತ್ತಲು ಆಗುತ್ತಿಲ್ಲ ಅಷ್ಟೇ. ಉಳಿದ ಗ್ಯಾಸ್ ನಿಂತ ನೀರಿನ ಮೂಲಕ ಗುಳ್ಳೆಯಾಗಿ ಬರುತ್ತಿದೆ. ತಡ ಮಾಡದೆ ಮುಂದಿನ ಲೆಕ್ಕ ಹಾಕಿ.

## ಅನುಮಾನ ಖಚಿತ ಮಾಡುವ ಲೆಕ್ಕ

ನೀರಿನ ಹನಿಯನ್ನು ಎತ್ತಲು ಗ್ಯಾಸಿಗೆ ಕನಿಷ್ಠ ಎಷ್ಟು ವೇಗ ಬೇಕು ಅನ್ನುವ ಸೂತ್ರವನ್ನು 1969ರಲ್ಲಿ ಟರ್ನರ್, ಹಬ್ಬರ್ಡ್, ಡಕ್ಲರ್ ಕೊಟ್ಟರು. 1991ರಲ್ಲಿ ಕೋಲ್ಮನ್ ಮತ್ತು ಜೊತೆಗಾರರು ಕಡಿಮೆ ಪ್ರೆಷರಿನ ಬಾವಿಗಳನ್ನು ನೋಡಿ, ಟರ್ನರ್ ಸೇರಿಸಿದ್ದ ಶೇಕಡಾ 20ರ ಹೆಚ್ಚುವರಿ ಇಲ್ಲಿ ಬೇಡ ಅಂದರು. ಹಳೆಯ ಬಾವಿಗಳಿಗೆ ಕೋಲ್ಮನ್ ಲೆಕ್ಕವೇ ಹತ್ತಿರ.

ವೆಲ್‌ಹೆಡ್ ಪ್ರೆಷರ್ 7 ಬಾರ್ ಇದ್ದರೆ ನೀರಿಗೆ ಬೇಕಾದ ವೇಗ ಸೆಕೆಂಡಿಗೆ ಸುಮಾರು 7 ಮೀಟರ್. ಒಳವ್ಯಾಸ 51 ಮಿಲಿಮೀಟರ್ ಇರುವ ಟ್ಯೂಬಿಂಗ್‌ನಲ್ಲಿ, ಅಂದರೆ ಸರಳವಾಗಿ ಹೇಳುವುದಾದರೆ ಎರಡು ಇಂಚಿನ ಒಳಜಾಗದಲ್ಲಿ, ಇದು ದಿನಕ್ಕೆ ಸುಮಾರು 7,500 ಘನ ಮೀಟರ್ ಗ್ಯಾಸ್. ಅದೇ ವೇಗ ಐದೂವರೆ ಇಂಚಿನ ಕೇಸಿಂಗ್‌ನಲ್ಲಿ ಬರಬೇಕಾದರೆ 40,000 ಘನ ಮೀಟರ್ ದಾಟಬೇಕು. ಜಾಗ ಐದಾರು ಪಟ್ಟು ದೊಡ್ಡದಲ್ವಾ, ಅದಕ್ಕೆ.

ಇದು ನೆಟ್ಟಗಿನ ಭಾಗದ ಲೆಕ್ಕ. ಬಾಗಿನಲ್ಲಿ ಹನಿಗಳು ಗ್ಯಾಸಿನ ಮಧ್ಯೆ ತೇಲುವುದಿಲ್ಲ. ಪೈಪಿನ ಕೆಳಗೋಡೆಗೆ ಬಿದ್ದು ದಪ್ಪ ಪದರವಾಗಿ ಹಿಂದಕ್ಕೆ ಜಾರುತ್ತವೆ. 2008ರಲ್ಲಿ ಬೆಲ್‌ಫ್ರಾಯ್ಡ್ ಮತ್ತು ಜೊತೆಗಾರರು ಕೊಟ್ಟ ತಿದ್ದುಪಡಿ ಪ್ರಕಾರ ನೆಟ್ಟಗಿನ ಗೆರೆಯಿಂದ 37 ಡಿಗ್ರಿ ವಾಲಿದ ಕಡೆ ಬೇಕಾಗುವ ವೇಗ ಶೇಕಡಾ 35ರಷ್ಟು ಹೆಚ್ಚು. ಅಂದರೆ 7,500 ಸಾಲದು, 10,000 ಬೇಕು. ನಿಮ್ಮ ಬಾವಿ ದಿನಕ್ಕೆ 9,000 ಕೊಡುತ್ತಿದ್ದರೆ ಹಳೆಯ ಲೆಕ್ಕದಲ್ಲಿ ಪಾಸು, ನಿಜದಲ್ಲಿ ಬಾಗಿನಲ್ಲಿ ನೀರು ಜಾರುತ್ತಿದೆ. ಬಾಗಿನ ಹತ್ತಿರ ಪ್ರೆಷರ್ ವೆಲ್‌ಹೆಡ್‌ಗಿಂತ ಹೆಚ್ಚಿರುವುದರಿಂದ ಗ್ಯಾಸ್ ಒತ್ತಿಕೊಂಡು ಇನ್ನೂ ನಿಧಾನ. ಲೆಕ್ಕವನ್ನು ಅಲ್ಲಿನ ಪ್ರೆಷರಿಗೇ ಹಾಕಿ.

ಟ್ಯೂಬಿಂಗ್ ಎಲ್ಲಿ ಮುಗಿದಿದೆ ಅನ್ನುವುದೂ ಇದರಿಂದಲೇ ಮುಖ್ಯವಾಗುತ್ತದೆ. ಬಾಗಿಗಿಂತ ಎಷ್ಟೋ ಮೇಲೆ ನಿಂತಿದ್ದರೆ ಗ್ಯಾಸ್ ಬಾಗನ್ನು ಅಗಲವಾದ ಕೇಸಿಂಗ್‌ನಲ್ಲೇ ಹತ್ತಬೇಕು. ಟ್ಯೂಬಿಂಗ್ ಒಳಗೆ ಎಲ್ಲ ಚೆನ್ನಾಗಿದ್ದರೂ ಕೆಳಗೆ ನೀರು ತುಂಬಿರುತ್ತದೆ.

## ಲಕ್ಷಣ: ಮುಚ್ಚಿ ತೆರೆದರೆ ಎರಡು ದಿನ ಚೆನ್ನಾಗಿ ಬಂದು ಮತ್ತೆ ಬಿದ್ದುಹೋಗುತ್ತದೆ

ಇದು ನೀರು ಕಟ್ಟಿಕೊಂಡಿರುವುದಕ್ಕೆ ದೊಡ್ಡ ಸಾಕ್ಷಿ. ಪದರದಲ್ಲಿ ಇನ್ನೂ ಶಕ್ತಿ ಇದೆ ಅನ್ನುವುದಕ್ಕೂ ಸಾಕ್ಷಿ. ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ, ಈ ಶಕ್ತಿ ಇರುವಾಗಲೇ ಉಪಾಯ ಮಾಡಬೇಕು. ಉಪಾಯಗಳನ್ನು ಕಡಿಮೆ ಖರ್ಚಿನಿಂದ ಶುರು ಮಾಡಿ.

ಮೊದಲನೆಯದು ಮುಚ್ಚಿ ತೆರೆಯುವುದನ್ನೇ ಸಮಯ ಕಟ್ಟಿ ಮಾಡುವುದು. ಗಂಟೆಗಳ ಲೆಕ್ಕದಲ್ಲಿ ಮುಚ್ಚಿ, ಪ್ರೆಷರ್ ಸೇರಿದ ಮೇಲೆ ಲೈನಿಗೇ ಬಿಡಿ. ದಿನಗಟ್ಟಲೆ ಮುಚ್ಚಿಟ್ಟರೆ ನೀರು ಅಡ್ಡ ಭಾಗದ ಉದ್ದಕ್ಕೂ ಹರಡಿ ಮತ್ತೆ ಎಬ್ಬಿಸುವುದು ಕಷ್ಟವಾಗುತ್ತದೆ. ಗ್ಯಾಸನ್ನು ಗಾಳಿಗೆ ಬಿಟ್ಟು ಬಾವಿ ತೆರವು ಮಾಡುವ ಹಳೆಯ ಅಭ್ಯಾಸ ದಯವಿಟ್ಟು ಬೇಡ. ಬೆಂಕಿಯ ಅಪಾಯ ಒಂದು ಕಡೆ. ಭೂಮಿ ಬಿಸಿಯಾಗಿಸುವುದರಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಬಲಶಾಲಿ ಅನ್ನುವುದು ಇನ್ನೊಂದು ಕಡೆ. ಅದೂ ಅಲ್ಲದೆ ಮೂಲ ಕಾರಣ ಹಾಗೇ ಉಳಿಯುತ್ತದೆ.

ಎರಡನೆಯದು ಮೇಲಿನ ಪ್ರೆಷರ್ ಇಳಿಸುವುದು. ಬೇಕಾದ ಗ್ಯಾಸಿನ ಪ್ರಮಾಣ ಪ್ರೆಷರಿನ ವರ್ಗಮೂಲದ ಜೊತೆ ಬದಲಾಗುತ್ತದೆ. 28 ಬಾರ್‌ನಿಂದ 7 ಬಾರ್‌ಗೆ ಇಳಿಸಿದರೆ ಬೇಕಾದ ಗ್ಯಾಸ್ ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಪದರವೂ ಹೆಚ್ಚು ಗ್ಯಾಸ್ ಕೊಡುತ್ತದೆ. ಚಿಕ್ಕ ಕಂಪ್ರೆಸರ್ ಒಂದರಿಂದಲೇ ಎಷ್ಟೋ ಬಾವಿಗಳು ಚೇತರಿಸಿಕೊಳ್ಳುತ್ತವೆ.

ಆಮೇಲೆ ಸೋಪು, ಪ್ಲಂಜರ್. ಇವೆರಡರ ತೊಂದರೆಗಳನ್ನು ಕೆಳಗೆ ಬೇರೆಯಾಗಿ ಹೇಳಿದ್ದೇನೆ. ಅವೂ ಸಾಲದಿದ್ದರೆ ಸಣ್ಣ ವ್ಯಾಸದ ಪೈಪ್ ಇಳಿಸಿ ವೇಗ ಹೆಚ್ಚಿಸುವುದು, ಮೇಲಿನಿಂದ ಗ್ಯಾಸ್ ಒಳಗೆ ಬಿಟ್ಟು ಎತ್ತುವ ಗ್ಯಾಸ್ ಲಿಫ್ಟ್, ಕೊನೆಗೆ ಪಂಪ್. ಸಣ್ಣ ಪೈಪಿನಲ್ಲಿ ಘರ್ಷಣೆ ಜಾಸ್ತಿ. ಗ್ಯಾಸ್ ಇನ್ನೂ ಚೆನ್ನಾಗಿರುವ ಬಾವಿಗೆ ಅವಸರದಲ್ಲಿ ಇಳಿಸಿದರೆ ಒಳ್ಳೆಯ ಉತ್ಪಾದನೆಗೇ ಕತ್ತರಿ ಬೀಳುತ್ತದೆ.

## ಲಕ್ಷಣ: ಸೋಪ್ ಹಾಕಿದರೂ ಪ್ರಯೋಜನ ಕಾಣುತ್ತಿಲ್ಲ

ಸೋಪಿನ ಕೆಲಸ ನೀರನ್ನು ನೊರೆ ಮಾಡುವುದು. ನೊರೆ ಹಗುರ, ಕಡಿಮೆ ಗ್ಯಾಸೂ ಅದನ್ನು ಎತ್ತುತ್ತದೆ. ಮೊದಲು ಬಾಟಲಿ ಪರೀಕ್ಷೆ ಮಾಡಿ. ಅದೇ ಬಾವಿಯ ನೀರನ್ನು ಗಾಜಿನ ಬಾಟಲಿಯಲ್ಲಿ ಅರ್ಧಕ್ಕಿಂತ ಕಡಿಮೆ ತುಂಬಿ. ಕಂಡೆನ್ಸೇಟ್ ಬರುತ್ತಿದ್ದರೆ ಅದನ್ನೂ ಬಾವಿಯಲ್ಲಿ ಬರುವ ಪ್ರಮಾಣದಲ್ಲೇ ಸೇರಿಸಿ. ಎರಡು ಹನಿ ಸೋಪ್ ಬಿಟ್ಟು ಜೋರಾಗಿ ಕುಲುಕಿ. ಸಣ್ಣ ಗುಳ್ಳೆಯ ಗಟ್ಟಿ ನೊರೆ ಎದ್ದು ನಿಮಿಷಗಟ್ಟಲೆ ನಿಂತರೆ ಆ ಸೋಪ್ ಸರಿ. ದೊಡ್ಡ ಗುಳ್ಳೆ ಎದ್ದು ಪಟಪಟನೆ ಒಡೆದರೆ ಬೇರೆ ಸೋಪ್ ನೋಡಬೇಕು. ಕಂಡೆನ್ಸೇಟ್ ಅರ್ಧಕ್ಕಿಂತ ಜಾಸ್ತಿ ಇದ್ದರೆ ಸಾಮಾನ್ಯ ಸೋಪಿಗೆ ನೊರೆ ಕಟ್ಟುವುದು ಕಷ್ಟ. ಉಪ್ಪು ತುಂಬಾ ಇದ್ದರೂ ಹಾಗೇ.

ಬಾಟಲಿಯಲ್ಲಿ ನೊರೆ ಬಂದು ಬಾವಿಯಲ್ಲಿ ಬರದಿದ್ದರೆ ಸೋಪು ನೀರಿನ ತನಕ ತಲುಪುತ್ತಿಲ್ಲ. ಮೇಲಿನಿಂದ ಹಾಕಿದ ಸೋಪ್ ಸ್ಟಿಕ್ ಬಾಗಿನಲ್ಲೇ ನಿಲ್ಲುತ್ತದೆ. ಬಾಗಿನ ಬುಡದ ತನಕ ಕ್ಯಾಪಿಲರಿ ಅನ್ನುವ ತೆಳ್ಳಗಿನ ಪೈಪ್ ಇಳಿಸಿ ಸೋಪ್ ದ್ರಾವಣ ಬಿಡುವುದು ಇದಕ್ಕೆ ಸರಿಯಾದ ದಾರಿ. ಸೆಪರೇಟರಿನಲ್ಲಿ ನೊರೆ ಉಕ್ಕಿ ಗ್ಯಾಸ್ ಲೈನಿಗೆ ಹೋಗುತ್ತಿದ್ದರೆ ಸೋಪ್ ಕಡಿಮೆ ಮಾಡಿ, ನೊರೆ ಒಡೆಯುವ ಕೆಮಿಕಲ್ ಬಳಸಿ. ಕಂಪ್ರೆಸರ್ ತನಕ ನೊರೆ ಹೋಗಲು ಬಿಡಬಾರದು.

## ಲಕ್ಷಣ: ಪ್ಲಂಜರ್ ತಡವಾಗಿ ಬರುತ್ತಿದೆ, ಅಥವಾ ಬರುತ್ತಲೇ ಇಲ್ಲ

ಪ್ಲಂಜರ್ ಅಂದರೆ ಟ್ಯೂಬಿಂಗ್ ಒಳಗೆ ಮೇಲೆ ಕೆಳಗೆ ಓಡಾಡಿ ನೀರನ್ನು ತಳ್ಳಿ ತರುವ ಲೋಹದ ತುಂಡು. ನಿಮಿಷಕ್ಕೆ 150ರಿಂದ 300 ಮೀಟರ್ ಒಳ್ಳೆಯ ವೇಗ. 2,400 ಮೀಟರ್ ಆಳದಿಂದ 8ರಿಂದ 16 ನಿಮಿಷದಲ್ಲಿ ಬರಬೇಕು. ತಡವಾದರೆ ನೀರಿನ ಭಾರ ಜಾಸ್ತಿ, ಇಲ್ಲವೇ ಪ್ಲಂಜರ್ ಸವೆದು ಸುತ್ತಲಿಂದ ಗ್ಯಾಸ್ ನುಸುಳುತ್ತಿದೆ. ಹೊರಗೆ ತೆಗೆದು ವ್ಯಾಸ ಅಳೆದರೆ ಗೊತ್ತಾಗುತ್ತದೆ.

ಬಿಡುವ ಮೊದಲು ಒಂದು ಲೆಕ್ಕ. ಕೇಸಿಂಗ್ ಪ್ರೆಷರಿನಿಂದ ಟ್ಯೂಬಿಂಗ್ ಪ್ರೆಷರ್ ಕಳೆಯಿರಿ. ಅದನ್ನು, ಕೇಸಿಂಗ್‌ನಿಂದ ಲೈನ್ ಪ್ರೆಷರ್ ಕಳೆದ ಸಂಖ್ಯೆಯಿಂದ ಭಾಗಿಸಿ. ಕೇಸಿಂಗ್ 40, ಟ್ಯೂಬಿಂಗ್ 28, ಲೈನ್ 10 ಬಾರ್ ಇದ್ದರೆ 12 ಭಾಗಿಸು 30, ಅಂದರೆ 0.4. ಇದು 0.4–0.5ರ ಮಿತಿ ಮೀರದಿದ್ದರೆ ಬಿಡಬಹುದು. ಮೀರಿದ್ದರೆ ಇನ್ನಷ್ಟು ಹೊತ್ತು ಕಾಯಿರಿ.

ಅಡ್ಡ ಬಾವಿಯ ಮಿತಿ ಇಲ್ಲೂ ಎದುರಾಗುತ್ತದೆ. ಪ್ಲಂಜರ್ ತನ್ನ ಭಾರದಿಂದಲೇ ಕೆಳಗಿಳಿಯಬೇಕು. ಬಾಗು 60 ಡಿಗ್ರಿ ಆಸುಪಾಸಿಗೆ ವಾಲಿದ ಮೇಲೆ ಅದು ಸರಿಯಾಗಿ ಜಾರುವುದಿಲ್ಲ. ಅದರ ಕೆಳಗಿನ ನೀರನ್ನು ಪ್ಲಂಜರ್ ಮುಟ್ಟುವುದೇ ಇಲ್ಲ.

ಎಚ್ಚರ: ನೀರಿಲ್ಲದೆ ಬರಿದಾಗಿ ಏರುವ ಪ್ಲಂಜರ್ ವಿಪರೀತ ವೇಗದಲ್ಲಿ ಬಂದು ಮೇಲೆ ಅದನ್ನು ತಡೆದು ಹಿಡಿಯುವ ಲೂಬ್ರಿಕೇಟರನ್ನೇ ಒಡೆಯಬಲ್ಲದು. ಪ್ಲಂಜರ್ ಬರುವ ಹೊತ್ತಿಗೆ ವೆಲ್‌ಹೆಡ್ ಬಳಿ ಯಾರೂ ನಿಲ್ಲಬಾರದು. ನಿಮಿಷಕ್ಕೆ 300 ಮೀಟರ್ ಮೀರಿದರೆ ಆ ದಿನವೇ ಸಮಯ ಬದಲಿಸಿ, ಲೂಬ್ರಿಕೇಟರಿನ ಸ್ಪ್ರಿಂಗ್ ಪರೀಕ್ಷಿಸಿ.

## ಲಕ್ಷಣ: ಪಕ್ಕದ ಬಾವಿ ಫ್ರ್ಯಾಕ್ ಮಾಡಿದ ಮೇಲೆ ಇಲ್ಲಿ ನೀರು ಉಕ್ಕಿತು

ಇದು ನಿಮ್ಮ ಬಾವಿಯ ವಯಸ್ಸಿನ ತೊಂದರೆ ಅಲ್ಲ. ಪಕ್ಕದಲ್ಲಿ ಹೆಚ್ಚಿನ ಪ್ರೆಷರಿನಲ್ಲಿ ಬಿಟ್ಟ ನೀರು ಬಿರುಕುಗಳ ಮೂಲಕ ಇಲ್ಲಿಗೆ ಬಂದಿದೆ. ಜೊತೆಗೆ ಮರಳೂ ಬಂದಿರಬಹುದು. ಪ್ಲಂಜರ್ ಇದ್ದರೆ ಮೊದಲು ನಿಲ್ಲಿಸಿ, ಮರಳಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನೀರಿನ ಮಾದರಿಯಲ್ಲಿ ಉಪ್ಪಿನ ಪ್ರಮಾಣ ನೋಡಿ. ಹಿಂದಿನ ಪರೀಕ್ಷೆಗಿಂತ ತೀರಾ ಬದಲಾಗಿದ್ದರೆ ಮೂಲ ಬೇರೆ ಅಂತ ಗೊತ್ತಾಗುತ್ತದೆ.

## ಎಲ್ಲಿ ನಿಲ್ಲಿಸಿ ಯಾರನ್ನು ಕರೆಯಬೇಕು

ಕೇಸಿಂಗ್‌ನ ಹೊರಗಿನ ಸುತ್ತಿನಲ್ಲಿ ಪ್ರೆಷರ್ ಕಂಡರೆ ಎಲ್ಲ ಪ್ರಯೋಗ ನಿಲ್ಲಿಸಿ. ಅದು ನೀರಿನ ತೊಂದರೆಯಲ್ಲ, ಬಾವಿಯ ಗೋಡೆಯ ತೊಂದರೆ. ಚೋಕ್ ಅಥವಾ ಪೈಪಿನ ಬಾಗಿನಲ್ಲಿ ಮರಳು ಉಜ್ಜುವ ಸರಸರ ಸದ್ದು ಬಂದರೂ ನಿಲ್ಲಿಸಿ, ಉಕ್ಕು ಗಂಟೆಗಳಲ್ಲೇ ತೂತಾಗುತ್ತದೆ. ಹೈಡ್ರೋಜನ್ ಸಲ್ಫೈಡ್ ಡಿಟೆಕ್ಟರ್ ಕೂಗಿದರೆ ಕಾರಣ ಹುಡುಕುತ್ತಾ ನಿಲ್ಲಬೇಡಿ, ಮೊದಲು ಗಾಳಿಯ ವಿರುದ್ಧ ದಿಕ್ಕಿಗೆ ದೂರ ಹೋಗಿ. ಟ್ಯೂಬಿಂಗ್ ತೂತು, ಸಿಕ್ಕಿಹಾಕಿಕೊಂಡ ಪ್ಲಂಜರ್, ಬಾವಿಯೊಳಗಿನ ಹೈಡ್ರೇಟ್, ಇವೆಲ್ಲ ವೈರ್‌ಲೈನ್ (ತಂತಿ ಕಟ್ಟಿ ಉಪಕರಣ ಇಳಿಸುವ) ಅಥವಾ ರಿಗ್ ತಂಡದ ಕೆಲಸ.

ಎಂಜಿನಿಯರ್ ಬರುವ ಮೊದಲು ಇಷ್ಟು ತೆಗೆದಿಟ್ಟುಕೊಂಡರೆ ಒಂದು ದಿನ ಉಳಿಯುತ್ತದೆ: ಮೂರು ತಿಂಗಳ ಗ್ಯಾಸ್ ಮತ್ತು ನೀರಿನ ದಿನದ ಲೆಕ್ಕ, ಹರಿಯುವಾಗಿನ ಕೇಸಿಂಗ್, ಟ್ಯೂಬಿಂಗ್, ಲೈನ್ ಪ್ರೆಷರ್, ಟ್ಯೂಬಿಂಗ್ ಮುಗಿಯುವ ಆಳ, ದಿಕ್ಕಿನ ಸರ್ವೆ, ಕೊನೆಯ ನೀರಿನ ಪರೀಕ್ಷೆ, ಮತ್ತೆ ನೀವು ಗಡಿಯಾರ ಹಿಡಿದು ಬರೆದ ಸ್ಲಗ್‌ಗಳ ಆ ಕಾಗದ.